ಕೆಳಗಿನಮನೆ ಸುಬ್ರಾಯನ ಮೌನವ್ರತ

ನಮ್ಮ ರೇಡಿಯೊ ನಾಟಕದ ಹನ್ನೊಂದನೆಯ ಕಂತು ನೇರ ಪ್ರಸಾರವಾಗುತ್ತಿತ್ತು. ಐದೂಕಾಲಿನ ಹೊತ್ತಿಗೆ ನಮ್ಮ ನಾಯಕನ ದನಿ ನಿಂತುಹೋಯಿತು. ಮಾತು ಮರೆತದ್ದಲ್ಲ. ಹಾಳೆ ಕೈಯಲ್ಲಿತ್ತು, ತುಟಿ ಆಡುತ್ತಿತ್ತು, ಮೈಕಿಗೆ ಮಾತ್ರ ಏನೂ ಬರಲಿಲ್ಲ. ನಾನು ಧ್ವನಿ ಮೇಜಿನ ಹಿಂದೆ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಸೌಟು ಹಿಡಿದು ನಿಂತಿದ್ದೆ. ಎದುರಿಗೆ ನಲವತ್ತು ಕುರ್ಚಿ, ಅಷ್ಟೂ ಭರ್ತಿ. ರೇಡಿಯೊದಲ್ಲಿ ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಕೇಳುವವರು ಮೊಬೈಲನ್ನು ತಟ್ಟಿ ನೋಡುತ್ತಾರೆ. ಐದು ಸೆಕೆಂಡಾದರೆ ಬೇರೆಲ್ಲಿಗೋ ಹೋಗಿಬಿಡುತ್ತಾರೆ.

ನಾಲ್ಕನೆಯ ಸೆಕೆಂಡಿಗೆ ಹೆಂಡತಿ ಪದ್ಮಕ್ಕನ ಪಾತ್ರದ ಹೊಲಿಗೆ ಟೀಚರು ಮೈಕಿಗೆ ಬಾಗಿದರು. "ಹೇಳೂದು ಬ್ಯಾಡ. ಮದುವೆಯಾಗಿ ಮೂವತ್ತು ವರ್ಷ ಆತು, ನೀವು ಎಂತ ಹೇಳ್ತ್ರಿ ಅಂತ ನಂಗೆ ಗೊತ್ತಿಲ್ವಾ?" ಎಂದು, ಗಂಡನ ಸಾಲನ್ನೂ ತಾವೇ ಹೇಳಿ ತಮ್ಮ ಸಾಲನ್ನೂ ಹೇಳಿದರು. ಜನ ನಕ್ಕರು. ಉಳಿದ ಹನ್ನೆರಡು ನಿಮಿಷ ಟೀಚರು ಹಾಗೇ ಇಬ್ಬರ ಮಾತನ್ನೂ ಆಡಿ ದಡ ಸೇರಿಸಿದರು. ನಾಯಕನ ಪಾತ್ರದ ಕಂಡಕ್ಟರು ಕುತ್ತಿಗೆಗೆ ಕೈ ಇಟ್ಟುಕೊಂಡು ಮೈಕಿನ ಹತ್ತಿರವೇ ನಿಂತಿದ್ದರು.

ನಾವೆಲ್ಲ ಕಂಡಕ್ಟರು ಎಂದೇ ಕರೆಯುತ್ತಿದ್ದ ಅವರು ಕುಮಟಾದವರು, ಬಸ್ಸಿನ ಕೆಲಸದಿಂದ ನಿವೃತ್ತರಾದವರು. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯ ಪ್ರತಿ ನಿಲ್ದಾಣದ ಹೆಸರನ್ನೂ ಗಾಳಿಗೆ ಎದುರಾಗಿ ಕೂಗಿ ಕೂಗಿ ತಯಾರಾದ ದನಿ ಅದು. ಟೀಚರು ಭಟ್ಕಳದ ಪಕ್ಕದ ಜಾಲಿಯವರು. ಮನೆಯಲ್ಲಿ ನವಾಯತಿ, ಹೊಲಿಗೆ ಕ್ಲಾಸಿನಲ್ಲಿ ಉರ್ದು, ನಮ್ಮಲ್ಲಿಗೆ ಬಂದರೆ ಕನ್ನಡ. ಮಗಳ ಪಾತ್ರಕ್ಕೆ ಮುರ್ಡೇಶ್ವರದ ಹೋಟೆಲೊಂದರ ರಿಸೆಪ್ಷನಿಸ್ಟ್ ಹುಡುಗಿ. ಶನಿವಾರ ಮಧ್ಯಾಹ್ನದ ಪಾಳಿ ಬದಲಿಸಿಕೊಂಡು ಬರುತ್ತಿದ್ದಳು. ನಾನು ಹೊನ್ನಾವರದ ಸಣ್ಣ ಸಮುದಾಯ ರೇಡಿಯೊ ನಿಲಯದಲ್ಲಿ ನಿರ್ಮಾಪಕಿ. ಸಣ್ಣ ನಿಲಯವಾದ್ದರಿಂದ ಬರೆಯುವವಳೂ ನಾನೇ, ಬಾಗಿಲು ಕಿರುಗುಟ್ಟಿಸುವವಳೂ ನಾನೇ.

'ಕೆಳಗಿನಮನೆ ಸಂಸಾರ' ಹುಟ್ಟಿದ್ದು ನನ್ನ ಒಂದು ಹುಚ್ಚಿನಿಂದ. ಅಮೆರಿಕದಲ್ಲಿ ಟಿವಿ ಬರುವ ಮೊದಲು ಇಡೀ ದೇಶ ರೇಡಿಯೊ ಮುಂದೆ ಕೂತು ಸಂಸಾರದ ಹಾಸ್ಯ ಕೇಳುತ್ತಿದ್ದ ಕಾಲವೊಂದಿತ್ತು. ಆಗಿನ ರೆಕಾರ್ಡಿಂಗುಗಳು ಈಗಲೂ ಅಂತರ್ಜಾಲದಲ್ಲಿ ಸಿಗುತ್ತವೆ. ಒಂದು ಬೇಸಿಗೆಯಿಡೀ ಊಟದ ವಿರಾಮದಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವನ್ನೇ ಕೇಳಿದೆ. ಅವರ ಇಂಗ್ಲಿಷ್ ಜೋಕು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಅದೇ ಲಾಭವಾಯಿತು. ಮಾತು ಬಿಟ್ಟು ಉಳಿದದ್ದೆಲ್ಲ ಕೇಳಿಸತೊಡಗಿತು. ಒಂದು ಮನೆ, ಒಂದು ಗಂಡ, ಒಂದು ಹೆಂಡತಿ, ವಾರಕ್ಕೊಂದೇ ತಾಪತ್ರಯ. ಗಂಡ ತನಗೆಲ್ಲ ಗೊತ್ತು ಅನ್ನುತ್ತಾನೆ, ಹೆಂಡತಿಗೆ ನಿಜಕ್ಕೂ ಗೊತ್ತಿರುತ್ತದೆ. ನಟರು ಹಾಳೆ ಹಿಡಿದು ಮೈಕಿನ ಸುತ್ತ ನಿಂತಿರುತ್ತಾರೆ, ಪಕ್ಕದಲ್ಲಿ ಒಬ್ಬ ಒಂದು ಬಾಗಿಲು, ನಾಲ್ಕು ಜೊತೆ ಬೂಟು, ಒಂದು ತಟ್ಟೆ ಜಲ್ಲಿ ಇಟ್ಟುಕೊಂಡು ಇಡೀ ಮನೆ ಕಟ್ಟುತ್ತಾನೆ. ನಗುವುದು ನಿಜವಾದ ಜನ, ಅದೇ ಕ್ಷಣ, ಎದುರಿಗೆ ಕೂತು. ಆ ನಗು ಇಳಿಯುವವರೆಗೆ ನಟ ಕಾಯುತ್ತಾನೆ. ಆ ಕಾಯುವಿಕೆಯೂ ಕಿವಿಗೆ ಬೀಳುತ್ತದೆ.

ನಮ್ಮ ಕಡೆಯ ಮನೆಯೊಂದನ್ನು ಹೀಗೆ ಕಟ್ಟಬೇಕು ಎಂದು ನಿಲಯದ ಮೇಡಂ ಹತ್ತಿರ ಕೇಳಿದೆ. "ನೇರ ಪ್ರಸಾರವಾ? ತಪ್ಪಿದರೆ?" ಎಂದರು. "ತಪ್ಪಿದರೆ ಜನ ಇನ್ನೂ ನಗ್ತಾರೆ" ಅಂದೆ. ಅವರು ಒಪ್ಪಿದರು. ಕುಮಟಾದ ಬಡಗಿಯೊಬ್ಬರು ಸೊಂಟದೆತ್ತರದ ಬಾಗಿಲೊಂದನ್ನು ಚೌಕಟ್ಟು, ಅಗಳಿ, ಚಿಲಕ ಸಮೇತ ಮಾಡಿಕೊಟ್ಟರು. ಹಳೆಯ ಸೈಕಲ್ಲಿನ ಚಕ್ರ ಬಾವಿಯ ಗಡಗಡೆಯಾಯಿತು. ಹಾಳೆಯ ಸದ್ದು ಮೈಕಿಗೆ ಬೀಳದ ಹಾಗೆ ಸಂಭಾಷಣೆಯನ್ನು ಮೆತ್ತನೆಯ ಕಾಗದದಲ್ಲಿ ಮುದ್ರಿಸಿ, ಓದಿ ಮುಗಿದ ಪುಟವನ್ನು ನೆಲಕ್ಕೆ ಬಿಡುವುದು ಅಭ್ಯಾಸವಾಯಿತು. ಬುಧವಾರ ಓದು, ಶುಕ್ರವಾರ ಸದ್ದಿನ ಜೊತೆ ತಾಲೀಮು, ಶನಿವಾರ ಐದಕ್ಕೆ ಪ್ರಸಾರ. ನಮ್ಮ ಎಫ್‌ಎಂ ಹೊನ್ನಾವರದ ಸುತ್ತಮುತ್ತ ಮಾತ್ರ. ಆಚೆಯವರು ಮೊಬೈಲಿನಲ್ಲಿ ಕೇಳುತ್ತಿದ್ದರು. ಸುಬ್ರಾಯನ ಪಾತ್ರದಲ್ಲಿ ಕಂಡಕ್ಟರು ಜಗಲಿಯಿಂದ "ಎಂತಾ ಆತೂ?" ಎಂದು ಕೂಗಿದರೆ ಸಾಕು, ನಲವತ್ತು ಕುರ್ಚಿಯೂ ನಗುತ್ತಿತ್ತು.

ದನಿ ಒಡೆಯುತ್ತಿರುವುದು ನಮಗೆ ಮೊದಲೇ ಗೊತ್ತಾಗಬೇಕಿತ್ತು. ಎರಡು ತಿಂಗಳಿಂದ ಅವರು ಕೆಮ್ಮುತ್ತಿದ್ದರು. "ಬಸ್ಸಿನ ಧೂಳು, ರಿಟೈರ್ ಆದ ಮೇಲೆ ಹೊರಗೆ ಬರ್ತಾ ಉಂಟು" ಎಂದು ನಗಿಸುತ್ತಿದ್ದರು. ನಾನು ಮೈಕಿನ ಮಟ್ಟವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದೆ. ಯಾಕೆ ಏರಿಸಬೇಕಾಗಿದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಹನ್ನೊಂದನೆಯ ಕಂತಿನ ಮರುವಾರ ಅವರ ಹೆಂಡತಿ ಒಬ್ಬರೇ ನಿಲಯಕ್ಕೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರಲಿಲ್ಲ. "ಗಂಟಲಲ್ಲಿ ಗಡ್ಡೆ ಅಂದ್ರು. ಧ್ವನಿಪೆಟ್ಟಿಗೆಯೇ ತೆಗಿಬೇಕಂತೆ. ಮಂಗಳೂರಿಗೆ ಹೋಗ್ತಾ ಇದ್ದೇವೆ. ಅವರು ನಿಮಗೆ ಹೇಳಿ ಬಾ ಅಂದ್ರು, ಶನಿವಾರ ಬರೂಕೆ ಆಗೂದಿಲ್ಲ ಅಂತ." ಶನಿವಾರ ಬರಲಾಗುವುದಿಲ್ಲ ಎಂಬುದನ್ನು ತಿಳಿಸಲು ಅಷ್ಟು ದೂರ ಕಳಿಸಿದ್ದರು.

ಶಸ್ತ್ರಚಿಕಿತ್ಸೆ ಆಯಿತು. ಜೀವಕ್ಕೆ ಅಪಾಯ ತಪ್ಪಿತು. ಮಾತು ಹೋಯಿತು. ಕುತ್ತಿಗೆಯಲ್ಲಿ ಮಾಡಿದ ಸಣ್ಣ ರಂಧ್ರದಿಂದಲೇ ಇನ್ನು ಮುಂದೆ ಉಸಿರು.

ನಾವು ನಾಲ್ಕು ವಾರ ಹಳೆಯ ಕಂತುಗಳನ್ನೇ ಹಾಕಿದೆವು. ಫೋನುಗಳು ಬರತೊಡಗಿದವು: ಸುಬ್ರಾಯ ಎಲ್ಲಿ? ಮೇಡಂ ನನ್ನನ್ನು ಕೂರಿಸಿಕೊಂಡು ಕೇಳಿದರು, "ಮುಂದೆ ಎಂತ ಮಾಡ್ತಿ?" ಸುಬ್ರಾಯನನ್ನು ಮುಂಬೈಗೆ ಕಳಿಸಬಹುದಿತ್ತು, ಕಾರ್ಯಕ್ರಮವನ್ನೇ ನಿಲ್ಲಿಸಬಹುದಿತ್ತು. ನಾನು ಮೂರನೆಯ ದಾರಿ ಹಿಡಿದೆ. ನಮ್ಮೂರಿನ ಹವ್ಯಾಸಿ ನಾಟಕದವರೊಬ್ಬರು ಯಾರ ದನಿಯನ್ನಾದರೂ ಎತ್ತಬಲ್ಲವರು. ಅವರನ್ನು ಕರೆದೆ. ಒಂದು ಸಂಜೆ ಹಳೆಯ ಕಂತುಗಳನ್ನು ಕೇಳಿಕೊಂಡು ಹೋದವರು ಮರುದಿನ "ಎಂತಾ ಆತೂ?" ಎಂದಾಗ ನಿಲಯದ ಗುಮಾಸ್ತ ಬಾಗಿಲ ಕಡೆ ತಿರುಗಿ ನೋಡಿದ. ಅಷ್ಟು ಸಾಚಾ ಇತ್ತು.

ತಾಲೀಮಿನಲ್ಲಿ ಟೀಚರು ಸಾಲು ತಪ್ಪುತ್ತಲೇ ಹೋದರು. ಹೊರಗೆ ಕರೆದು ಕೇಳಿದೆ. "ದನಿ ಅವರದೇ. ಆದ್ರೆ ಇವರು ನಾನು ಹೇಳೂದು ಕೇಳೂದಿಲ್ಲ, ನಾನು ಮುಗಿಸೂದನ್ನ ಕಾಯ್ತ್ರು ಅಷ್ಟೇ" ಎಂದರು. ಅಭ್ಯಾಸವಾದರೆ ಸರಿಹೋಗುತ್ತದೆ ಅಂದೆ. ಶನಿವಾರ ಕಂತು ಹೋಯಿತು. ಜನ ನಕ್ಕರು. ಕಂಡಕ್ಟರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಧೈರ್ಯವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅವರಿಂದಲೇ ಮೊಬೈಲಿಗೆ ಒಂದು ಸಂದೇಶ ಬಂತು. "ಕೇಳಿದೆ. ಚೆನ್ನಾಗಿ ಮಾಡಿದ್ದಾರೆ, ಅವರಿಗೆ ಹೇಳಿ. ಒಂದೇ ತಪ್ಪು. ಬಾಗಿಲು ಬೇಗ ಹಾಕಿದಿರಿ. ಸುಬ್ರಾಯ ಸಿಟ್ಟು ಬಂದಾಗ ಬಾಗಿಲನ್ನು ನಿಧಾನ ಹಾಕುತ್ತಾನೆ."

ನಾಲ್ಕೈದು ಸಲ ಓದಿದೆ. ಆಮೇಲೆ ಸ್ಟುಡಿಯೊಗೆ ಹೋಗಿ ಹಿಂದಿನ ಕಂತುಗಳನ್ನು ಹಾಕಿ ಕೇಳಿದೆ. ಹೌದು. ಹತ್ತು ಕಂತಿನಲ್ಲೂ ಅವರು ಸಿಟ್ಟಿನ ಮಾತು ಮುಗಿಸಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಆ ಉಸಿರಿಗಾಗಿ ಕಾದು ನಾನು ಬಾಗಿಲನ್ನು ಮೆಲ್ಲಗೆ ತಳ್ಳುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಬರೆದಿರಲಿಲ್ಲ, ನಾನೂ ಗಮನಿಸಿರಲಿಲ್ಲ. ನನ್ನ ಕೈಯಿಂದ ಬಾಗಿಲು ಹಾಕಿಸುತ್ತಿದ್ದವರು ಅವರು.

ಅಮೆರಿಕದ ಆ ಹಳೆಯ ಹಾಸ್ಯಗಳಲ್ಲಿ ಒಂದು ರೂಢಿ ಇತ್ತು. ಕೆಲವರು ಮಾತಾಡುವುದೇ ಇಲ್ಲ. ಫೋನಿನ ಆ ಬದಿಯವರು, ಮಹಡಿಯ ಮೇಲಿನ ಬಾಡಿಗೆದಾರ ಇಂಥವರು. ಈ ಬದಿಯವರ ಮಾತಿನಿಂದ, ಒಂದು ಹೆಜ್ಜೆಯ ಸದ್ದಿನಿಂದ, ಅವರ ಪೂರ್ತಿ ಸ್ವಭಾವ ನಮಗೆ ಗೊತ್ತಾಗಿಬಿಡುತ್ತದೆ. ಅದನ್ನು ನಾನು ಸಣ್ಣ ಪಾತ್ರಗಳ ಉಪಾಯ ಎಂದುಕೊಂಡಿದ್ದೆ. ಮನೆಯ ಯಜಮಾನನೇ ಹಾಗಿದ್ದರೆ?

ಸೋಮವಾರ ಬಸ್ಸು ಹತ್ತಿ ಕುಮಟಾಕ್ಕೆ ಹೋದೆ. ಅವರು ಕುತ್ತಿಗೆಗೆ ತೆಳುವಾದ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಶಾಲೆಯ ನೋಟ್‌ಬುಕ್ಕು. ಮೊದಲು ಕ್ಷಮೆ ಕೇಳಿದೆ. ಅವರು ಕೈ ಬೀಸಿ ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಬಂದ ವಿಷಯ ಹೇಳಿದೆ: ಸುಬ್ರಾಯ ಮಾತಿಲ್ಲದೆ ಬರೀ ಸದ್ದಿನಲ್ಲಿ ವಾಪಸು ಬರಲಿ, ಆ ಸದ್ದು ನಿಮ್ಮದೇ ಇರಲಿ. ನೋಟ್‌ಬುಕ್ಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರು: "ಜನ ಪಾಪ ಅಂತ ನಗ್ತಾರೆ. ಬೇಡ."

"ಜನಕ್ಕೆ ಹೇಳೂದೇ ಇಲ್ಲ" ಅಂದೆ. "ಸುಬ್ರಾಯನಿಗೆ ಕಾಯಿಲೆ ಇಲ್ಲ. ಅವನಿಗೆ ಹೆಂಡತಿ ಮೇಲೆ ಸಿಟ್ಟು ಬಂದದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದದೆ. ಹಾಕಿದ್ದು ನಾನಲ್ಲ ಅಂತ ಅವಳು, ನೀನೇ ಅಂತ ಇವನು. ಪದ್ಮಕ್ಕ ಕ್ಷಮೆ ಕೇಳೂವರೆಗೆ ಮಾತಾಡೂದಿಲ್ಲ ಅಂತ ಮೌನವ್ರತ ಹಿಡಿದಿದ್ದಾನೆ."

ಅವರು ಪುಟ ತಿರುವಿ ಬರೆದರು: "ಉಪ್ಪು ಹಾಕಿದ್ದು ಯಾರು?"

"ಸುಬ್ರಾಯನೇ" ಅಂದೆ.

ಅವರ ಭುಜ ಕುಲುಕಿತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಒಳಗಿನಿಂದ ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತರು. ಡಾಕ್ಟರು ಒಪ್ಪಿದ ಮೇಲೆ ಬರುತ್ತೇನೆ ಎಂದು ಕಂಡಕ್ಟರು ಬರೆದುಕೊಟ್ಟರು.

ಮಿಮಿಕ್ರಿಯವರಿಗೆ ವಿಷಯ ತಿಳಿಸುವುದು ಕಷ್ಟವೆಂದುಕೊಂಡಿದ್ದೆ. ಅವರೇ ನನ್ನನ್ನು ಕಷ್ಟದಿಂದ ಪಾರು ಮಾಡಿದರು. "ಅವರ ಅಂಗಿ ಹಾಕ್ಕಂಡ ಹಾಗೆ ಆಗ್ತಿತ್ತು ಮಾರಾಯ್ತಿ. ನಂಗೆ ನನ್ನದೇ ಒಂದು ಪಾತ್ರ ಕೊಡು, ಬರ್ತೆ" ಎಂದರು. ಪಕ್ಕದ ಮನೆಯವನ ಪಾತ್ರ ಬರೆದೆ.

ಡಾಕ್ಟರು ಒಪ್ಪುವುದಕ್ಕೆ ಎರಡೂವರೆ ತಿಂಗಳಾಯಿತು, ಅಲ್ಲಿಯವರೆಗೆ ಮತ್ತೆ ಹಳೆಯ ಕಂತುಗಳನ್ನೇ ಹಾಕಿದೆವು. ಮೊದಲ ತಾಲೀಮಿಗೆ ಕಂಡಕ್ಟರು ಒಂದು ಕೈಚೀಲ ತಂದರು. ಅದರಿಂದ ಮನೆಯ ಸ್ಟೀಲ್ ಲೋಟ, ಬೀಗದ ಕೈ ಗೊಂಚಲು, ಒಂದು ಜೊತೆ ಹವಾಯಿ ಚಪ್ಪಲಿ, ಕೊನೆಗೆ ಬಸ್ಸಿನ ಕಾಲದ ಸೀಟಿ ಹೊರಬಂದವು. ಸೀಟಿ ಎತ್ತಿ ಅಭ್ಯಾಸಬಲದಿಂದ ಬಾಯಿಗಿಟ್ಟರು. ಕೆನ್ನೆ ಉಬ್ಬಿತು, ಸದ್ದಿಲ್ಲ. ಉಸಿರು ಈಗ ಆ ದಾರಿಯಲ್ಲಿ ಬರುವುದಿಲ್ಲ ಎಂಬುದು ಅವರಿಗೂ ಮರೆತಿತ್ತು, ನಮಗೂ. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡು, ನನ್ನ ಪುಟ್ಟ ಬಾಗಿಲಿನ ಹತ್ತಿರ ಹೋಗಿ, ಅಂಗೈಯಿಂದ ಅದರ ಮೇಲೆ ಎರಡು ಸಲ ಬಡಿದರು. ಬಸ್ಸಿನ ಮೈಗೆ ಬಡಿದು 'ರೈಟ್' ಹೇಳುವ ಹಾಗೆ. ಶುರು ಮಾಡಿ ಎಂದರ್ಥ.

ತೊಂದರೆ ಎರಡಿತ್ತು. ಒಂದು, ಕುತ್ತಿಗೆಯ ಉಸಿರಿನ ಸದ್ದು. ಶ್ರಮವಾದಾಗ ಅದು ಸಿಳ್ಳಿನ ಹಾಗೆ ಮೈಕಿಗೆ ಬೀಳುತ್ತಿತ್ತು, ಅದರಿಂದ ಅವರಿಗೆ ಬಹಳ ಸಂಕೋಚ. ಅವರ ಮೇಜಿನ ಮೈಕನ್ನು ಸೂಕ್ಷ್ಮವಲ್ಲದ ಹಳೆಯದಕ್ಕೆ ಬದಲಿಸಿ, ಮೇಜಿನ ಮಟ್ಟಕ್ಕೆ ಇಳಿಸಿ, ಸಾಮಾನಿಗೆ ಗೇಣಿನಷ್ಟು ಹತ್ತಿರ ತಂದೆ. ಎದೆಯ ಮಟ್ಟದಲ್ಲಿ ಒಂದು ಹಲಗೆ ನಿಲ್ಲಿಸಿ ಟೀಚರು ಹೊಲಿದು ತಂದ ದಪ್ಪ ಕೌದಿಯನ್ನು ಅದಕ್ಕೆ ಹೊದಿಸಿದೆವು. ಉಸಿರು ಕೌದಿಯಲ್ಲೇ ಉಳಿಯಿತು.

ಎರಡನೆಯದು ಕಷ್ಟದ್ದು. ಅವರ ಸದ್ದುಗಳು ಟೀಚರ ಮಾತಿನ ಮೇಲೆ ಬೀಳುತ್ತಿದ್ದವು. ಲೋಟ ಒಂದು ಸಲ ಕುಟ್ಟಿದರೆ 'ಹೌದು', ಎರಡು ಸಲ ಕುಟ್ಟಿದರೆ 'ಇಲ್ಲ', ಬೀಗದ ಕೈ ಅಲುಗಿದರೆ 'ನಾನು ಹೊರಟೆ', ಚಪ್ಪಲಿ ಎಳೆದರೆ 'ಹೊರಟವನು ವಾಪಸು ಬಂದೆ' ಎಂದು ಗುರುತು ಮಾಡಿಕೊಂಡಿದ್ದೆವು. ಎಲ್ಲ ಸರಿ, ಹೊತ್ತು ಮಾತ್ರ ತಪ್ಪು. ಎರಡು ಶುಕ್ರವಾರ ಹಾಗೇ ಕಳೆಯಿತು. ಅವರು ಲೋಟ ಬದಿಗಿಟ್ಟು, ನೋಟ್‌ಬುಕ್ಕಿನಲ್ಲಿ "ಸಾಕು" ಎಂದು ಬರೆದರು.

ರಿಸೆಪ್ಷನಿಸ್ಟ್ ಹುಡುಗಿಯೇ ಕಾರಣ ಕಂಡುಹಿಡಿದದ್ದು. "ಅಕ್ಕಾ, ಮೊದಲೆಲ್ಲ ಇವರಿಬ್ಬರು ಒಂದೇ ಮೈಕಲ್ಲಿ ಎದುರು ಬದುರು ನಿಲ್ತಿದ್ರು. ಈಗ ನೀವು ಇವರನ್ನ ಗೋಡೆ ಬದಿ ಇಟ್ಟಿದ್ರಿ. ಇವರಿಗೆ ಟೀಚರ ಬೆನ್ನು ಕಾಣ್ತದೆ, ಮುಖ ಎಲ್ಲಿ ಕಾಣ್ತದೆ?" ಸದ್ದು ಬೆರೆಯದಿರಲೆಂದು ಮೇಜನ್ನು ದೂರ ಇಟ್ಟವಳು ನಾನು. ಕೂಡಲೇ ಎಳೆದು ತಂದು ಟೀಚರ ಎದುರಿಗಿಟ್ಟೆವು. ಸದ್ದು ಬೆರೆತರೆ ಬೆರೆಯಲಿ. ಟೀಚರು ತಲೆಯೆತ್ತಿ ಅವರನ್ನು ನೋಡುತ್ತಾ, "ಎಂತ, ಸಿಟ್ಟು ಇನ್ನೂ ಇಳೀಲಿಲ್ವಾ?" ಎಂದರು. ಕಂಡಕ್ಟರು ಕಾದರು, ಆಮೇಲೆ ಲೋಟವನ್ನು ಮೇಜಿನ ಮೇಲೆ ಒಂದೇ ಒಂದು ಸಲ, ಬಹಳ ಮೆತ್ತಗೆ ಇಟ್ಟರು. ಹುಡುಗಿ ತನ್ನ ಹಾಳೆ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಆ ಶನಿವಾರ ನಲವತ್ತು ಕುರ್ಚಿ ಸಾಲಲಿಲ್ಲ. ಹಿಂದಿನ ಸಾಲಿನಲ್ಲಿ ಕಂಡಕ್ಟರ ಹೆಂಡತಿ ಕೂತಿದ್ದರು. ಪದ್ಮಕ್ಕ ಮಗಳಿಗೆ ಮೌನವ್ರತದ ಕಥೆ ಹೇಳಿ, "ಮನೆ ಎಷ್ಟು ತಂಪಾಗದೆ ನೋಡು. ಇನ್ನೊಂದು ತಿಂಗಳು ಕ್ಷಮೆ ಕೇಳೂದಿಲ್ಲ" ಎಂದಳು. ಒಳಗಿನಿಂದ ಚಪ್ಪಲಿಯ ಸದ್ದು ಬಂತು. ಪದ್ಮಕ್ಕ ಊಟ ಬಡಿಸಿ ಕೇಳಿದಳು, "ಇವತ್ತು ಸಾರಿಗೆ ಉಪ್ಪು ಸರಿ ಇತ್ತಾ?"

ಕಂಡಕ್ಟರು ಲೋಟ ಎತ್ತಿದರು. ಕುಟ್ಟಲಿಲ್ಲ. ನಾನು ಗಡಿಯಾರ ನೋಡಿದೆ. ಒಂದು, ಎರಡು, ಮೂರು. ನನ್ನ ಕೈ ಸಂಗೀತದ ಗುಂಡಿಯ ಹತ್ತಿರ ಹೋಯಿತು. ನಾಲ್ಕು. ಟೀಚರು ನನ್ನ ಕಡೆ ನೋಡದೆ, ಬೇಡ ಎನ್ನುವಂತೆ ಬೆರಳೆತ್ತಿದರು. ಕೈ ಹಿಂದೆ ತೆಗೆದೆ. ಜನರ ಮಧ್ಯೆ ಎಲ್ಲೋ ಒಬ್ಬರು ತಡೆಯಲಾರದೆ ಕಿಸಕ್ಕೆಂದರು. ಆ ನಗು ಹರಡಿ, ಏರಿ, ಇಳಿಯತೊಡಗಿತು. ಪೂರ್ತಿ ಇಳಿಯುವ ಮೊದಲು ಲೋಟದ ಸದ್ದು ಬಂತು: ಟಣ್. ಅಷ್ಟು ಒಲ್ಲದ ಮನಸ್ಸಿನ 'ಹೌದು' ನಾನು ಯಾರ ಬಾಯಲ್ಲೂ ಕೇಳಿಲ್ಲ. ಆಮೇಲಿನ ನಗುವಿಗೆ ಮೈಕಿನ ಮಟ್ಟ ಇಳಿಸಬೇಕಾಯಿತು.

ಪ್ರಸಾರ ಮುಗಿದು ಕುರ್ಚಿ ಮಡಚುತ್ತಿದ್ದಾಗ ಅವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು. "ಇಷ್ಟು ತಿಂಗಳು ಅವರು ಹೇಳೂದನ್ನ ಓದ್ತಾ ಇದ್ದೆ. ಇವತ್ತು ಕೇಳ್ದೆ" ಎಂದರು. ಕುರ್ಚಿಯ ಇನ್ನೊಂದು ತುದಿ ಅವರು ಹಿಡಿದರು, ಇಬ್ಬರೂ ಸೇರಿ ಉಳಿದವನ್ನು ಮಡಚಿದೆವು.

ಆ ಸರಣಿ ಇನ್ನೂ ಒಂಬತ್ತು ಕಂತು ನಡೆಯಿತು. ಕೆಲವರಿಗೆ ನಿಜ ಗೊತ್ತಿತ್ತು, ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ಉಪ್ಪಿನ ಜಗಳದಲ್ಲಿ ಪಕ್ಷ ಹಿಡಿದೇ ಫೋನು ಮಾಡುತ್ತಿದ್ದರು. ಆ ಸೌಜನ್ಯಕ್ಕೆ ನಾನು ಯಾರಿಗೆ, ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯಲಿಲ್ಲ. ನನಗೆ ಕೆಲಸ ಕಲಿಸಿದವರ ಪಟ್ಟಿ ಆ ಕೆಲವೇ ತಿಂಗಳಲ್ಲಿ ಬಹಳ ಉದ್ದವಾಯಿತು. ಅದರಲ್ಲಿ ಹೆಸರೇ ಗೊತ್ತಿಲ್ಲದ, ಆ ನಾಲ್ಕನೆಯ ಸೆಕೆಂಡಿಗೆ ಕಿಸಕ್ಕೆಂದವರೂ ಇದ್ದಾರೆ.

ಕೊನೆಯ ಕಂತಿನಲ್ಲಿ ಪದ್ಮಕ್ಕ ಸೋಲಬೇಕಿತ್ತು. ಅವಳು ಕ್ಷಮೆ ಕೇಳುತ್ತಾಳೆ, ಸುಬ್ರಾಯ ಒಂದು ಸಲ ಲೋಟ ಕುಟ್ಟಿ ಒಪ್ಪುತ್ತಾನೆ, ಸಂಗೀತ, ಮುಕ್ತಾಯ. ಬರೆದವಳು ನಾನೇ. ಟೀಚರು ಹಾಳೆಯ ಕೊನೆಯ ಪುಟ ನೆಲಕ್ಕೆ ಬಿಟ್ಟು, ಬಹಳ ಚೆಂದವಾಗಿ, "ಆತು ಮಾರಾಯ್ರೆ, ಉಪ್ಪು ಹಾಕಿದ್ದು ನಾನೇ ಅಂತ ಇಟ್ಕಳಿ. ತಪ್ಪಾತು. ಈಗಾದ್ರೂ ಒಪ್ಪಿದ್ರಾ?" ಎಂದರು.

ಕಂಡಕ್ಟರು ಲೋಟ ಕುಟ್ಟಿದರು. ಜನ ಚಪ್ಪಾಳೆಗೆ ಕೈ ಎತ್ತಿದರು. ಅವರು ಆ ಚಪ್ಪಾಳೆಗೆ ಸರಿಯಾಗಿ ಒಂದು ಕ್ಷಣ ಮೊದಲು ಇನ್ನೊಂದು ಸಲ ಕುಟ್ಟಿ 'ಇಲ್ಲ' ಎಂದರು.

ಟೀಚರು ಬಾಯಿ ತೆರೆದವರು ತೆರೆದೇ ನಿಂತರು. ಆಮೇಲೆ, "ಹಂಗಾದ್ರೆ ನಾನೂ ಕೇಳಿದ ಕ್ಷಮೆ ವಾಪಸ್ ತಗಂಡೆ!" ಎಂದು ಕೂಗಿದರು. ಆಮೇಲಿನದು ಜನರ ನಗುವಿನಲ್ಲಿ ಏನೂ ಕೇಳಿಸಲಿಲ್ಲ. ಮುಕ್ತಾಯದ ಸಂಗೀತ ಹಾಕಬೇಕಾದವಳು ನಾನು ಧ್ವನಿ ಮೇಜಿನ ಮೇಲೆ ಬಗ್ಗಿಬಿಟ್ಟಿದ್ದೆ. ನನ್ನ ಮೇಜಿನ ಮೈಕು ತೆರೆದೇ ಇತ್ತು. ಆ ರೆಕಾರ್ಡಿಂಗನ್ನು ಈಗಲೂ ಕೆಲವರು ಕೇಳಿ ಕೇಳಿ ತರಿಸಿಕೊಳ್ಳುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಹತ್ತಿರದಿಂದ ಕೇಳಿಸುವ, ಉಸಿರು ಸಿಗದೆ ನಗುವ ಹೆಂಗಸಿನ ದನಿ ನನ್ನದು.